ಮುಚ್ಚಿದ ಮುಷ್ಟಿಯ ಚೀಲ

ಮಂಗಳೂರಿನ ಚರ್ಚುಗಳಲ್ಲಿ ಸಂತ ವಿನ್ಸೆಂಟ್ ದ ಪಾವ್ಲ್ ಸಭೆ ಕೂಡಿದಾಗ ಒಂದು ಚೀಲ ಕೈಯಿಂದ ಕೈಗೆ ಸಾಗುತ್ತದೆ. ಮುಷ್ಟಿ ಮುಚ್ಚಿಕೊಂಡೇ ಒಳಗೆ ಹಾಕಬೇಕು. ಐದು ರೂಪಾಯಿ ಯಾರದು, ಐನೂರು ಯಾರದು, ಪಕ್ಕದಲ್ಲಿ ಕೂತವರಿಗೂ ತಿಳಿಯದು. ಏನೂ ಹಾಕಲಾಗದವರ ಕೈಯೂ ಒಳಹೋಗಿ ಬರುತ್ತದೆ. ಆ ಮರ್ಯಾದೆಯೇ ನನಗೆ ಎಲ್ಲಕ್ಕಿಂತ ಇಷ್ಟ. 1833ರಲ್ಲಿ ಪ್ಯಾರಿಸ್‌ನಲ್ಲಿ 20 ವರ್ಷದ ವಿದ್ಯಾರ್ಥಿ ಫ್ರೆಡೆರಿಕ್ ಒಜಾನಮ್ ಗೆಳೆಯರೊಡನೆ ಶುರುಮಾಡಿದ ಸಂಸ್ಥೆ ಈ ಸಭೆ. ಬಡವರ ಮನೆಬಾಗಿಲಿನ ಹಾದಿಯನ್ನು ಅವರಿಗೆ ತೋರಿಸಿದವರು ಸಿಸ್ಟರ್ ರೊಸಾಲಿ ರಾಂದ್ಯು. ಇಂದಿಗೂ ಸದಸ್ಯರು ಇಬ್ಬಿಬ್ಬರಾಗಿ ಮನೆಗಳಿಗೆ ಹೋಗುತ್ತಾರೆ. ಅಕ್ಕಿ, ಮಾತ್ರೆ ಕೊಟ್ಟು ಅವಸರದಲ್ಲಿ ಹೊರಡುವುದಲ್ಲ; ಚಾಪೆಯ ಮೇಲೆ ಕೂತು, ಮನೆಯವರು ಕೊಟ್ಟ ಚಾ ಕುಡಿದು, ಅಜ್ಜಿಯ ಮಂಡಿನೋವಿನ ಕಥೆಯನ್ನು ಪೂರ್ತಿ ಕೇಳಿಯೇ ಏಳುವುದು.