ಪುಡಿಗಿಂತ ಮೊದಲು ನೀರು

ಗ್ಲಾಡಿಯೋಲಸ್‌ಗೆ ಸಕ್ಕರೆ ಎಷ್ಟು ಎಂಬುದನ್ನು ಈ ವಾರ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂತು, ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನವೂ ಬಂತು, ಕಡ್ಡಿ ಹೂಗಳು ಮನೆಮನೆ ಸೇರುವ ಕಾಲ. ಆ ಲೆಕ್ಕವನ್ನು ಮೊದಲು ಮುಗಿಸಿಬಿಡೋಣ. ಗ್ಲಾಡಿಯೋಲಸ್ ಆಗಲಿ, ಸುಗಂಧರಾಜವಾಗಲಿ, ಕೆಳಗಿನ ಮೊಗ್ಗು ಬಣ್ಣ ತೋರುತ್ತಿದ್ದಂತೆ ಕೊಯ್ದ ಕಡ್ಡಿಯನ್ನು ಲೀಟರಿಗೆ 200 ಗ್ರಾಂ ಸಕ್ಕರೆ ಕರಗಿಸಿದ ನೀರಿನಲ್ಲಿ ಒಂದು ರಾತ್ರಿ ನಿಲ್ಲಿಸಿ. ಬೆಳಿಗ್ಗೆ ಬುಡ ತೊಳೆದು, ಚೂರು ಕತ್ತರಿಸಿ, ಹೂದಾನಿಗೆ ಸೇರಿಸಿ. ಮೇಲಿನ ಮೊಗ್ಗುಗಳು ಹೆಚ್ಚು ಅರಳುತ್ತವೆ. ಇದೇ ಪ್ರಮಾಣವನ್ನು ಗುಲಾಬಿಗೋ ಸೇವಂತಿಗೆಗೋ ಕೊಟ್ಟರೆ ಎಲೆ ಹಾಳಾಗುತ್ತದೆ. ಹೂದಾನಿಯಲ್ಲೇ ಉಳಿಯುವ ನೀರಿಗೆ ಲೀಟರಿಗೆ 10ರಿಂದ 20 ಗ್ರಾಂ ಸಾಕು. ಹುಳಿ ಮತ್ತು ಬ್ಲೀಚ್ ಜೊತೆಗಿಲ್ಲದೆ ಬರೀ ಸಕ್ಕರೆ ಹಾಕುವುದು ಬ್ಯಾಕ್ಟೀರಿಯಾಗಳಿಗೆ ಊಟ ಬಡಿಸಿದಂತೆ ಎನ್ನುವುದು ಈ ಅಂಕಣದ ಓದುಗರಿಗೆ ಗೊತ್ತಿರುವ ಸಂಗತಿಯೇ.

ಇನ್ನು ಸಕ್ಕರೆಯ ಮಾತು ಬೇಡ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯಿಂದ ಬರುವ ಪತ್ರಗಳಲ್ಲಿ ಒಂದೇ ದೂರು ಮತ್ತೆ ಮತ್ತೆ ಕಾಣುತ್ತಿದೆ: ‘ನೀವು ಹೇಳಿದ ಹಾಗೇ ಮಾಡಿದೆವು, ಆದರೂ ಗ್ಲಾಡಿಯೋಲಸ್ ಎಲೆಯ ತುದಿ ಒಣಗಿತು, ಮೊಗ್ಗಿನ ಹಸಿರು ಹೊದಿಕೆ ಕಂದಾಯಿತು, ಅರ್ಧ ಕಡ್ಡಿ ಅರಳಲೇ ಇಲ್ಲ.’ ತಪ್ಪು ಅವರದ್ದಲ್ಲ, ಹೂ ಮಾರಿದವರದ್ದೂ ಅಲ್ಲ. ಅದು ಫ್ಲೋರೈಡ್.

ಆ ಸೀಮೆಯ ಕೊಳವೆಬಾವಿಗಳು ಆಳಕ್ಕೆ ಹೋದಷ್ಟೂ ಕಲ್ಲಿನೊಳಗಿನ ಫ್ಲೋರೈಡನ್ನು ಮೇಲಕ್ಕೆ ತರುತ್ತಿವೆ. ಮಕ್ಕಳ ಹಲ್ಲಿನ ಮೇಲೆ ಬೀಳುವ ಕಂದು ಕಲೆಯಿಂದ ಅದರ ಗುರುತು ಎಲ್ಲರಿಗೂ ಸಿಕ್ಕಿದೆ. ಹೂವಿನ ಮೇಲೂ ಅದು ಗುರುತು ಬಿಡುತ್ತದೆ ಎನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪಿಗೆ, ಬೇರೆ ನೀರು ಸಿಗದಿದ್ದರೆ 1.5ರ ತನಕ ಸಹಿಸಬಹುದು ಎನ್ನುತ್ತದೆ ನಮ್ಮ ದೇಶದ ಮಾನದಂಡ. ಗ್ಲಾಡಿಯೋಲಸ್, ಜರ್ಬೆರಾ, ಫ್ರೀಸಿಯಾಗಳು ಆ 1 ಮಿಲಿಗ್ರಾಂ ಮಟ್ಟದಲ್ಲೇ ಸೊರಗತೊಡಗುತ್ತವೆ. ಮನುಷ್ಯ ಕುಡಿಯಬಹುದಾದ ನೀರು ಹೂವಿಗೆ ವಿಷವಾಗಬಹುದು ಎನ್ನುವುದನ್ನು ಮೊದಲು ಓದಿದಾಗ ನನಗೆ ಆದ ಬೆರಗು ಇನ್ನೂ ಇಳಿದಿಲ್ಲ. ಬೇರೆಲ್ಲ ಬಿಟ್ಟು, ಕೆಳಗಿನ ಮೊಗ್ಗಿನಿಂದ ತುದಿಯವರೆಗೆ ಒಂದೊಂದಾಗಿ ಅರಳುವ ಸೊಬಗಿಗಾಗಿಯೇ ನಾವು ಕೊಳ್ಳುವ ಹೂವಿಗೇ ಈ ಗತಿ!

ಕುದಿಸಿದರೆ ಹೋಗುತ್ತದೆಯೇ ಎಂದು ಕೇಳುತ್ತಾರೆ. ಹೋಗುವುದಿಲ್ಲ. ಕುದಿಸಿದಾಗ ನೀರು ಆವಿಯಾಗಿ ಫ್ಲೋರೈಡಿನ ಸಾಂದ್ರತೆ ಹೆಚ್ಚುತ್ತದೆ. ಆರ್‌ಒ ಯಂತ್ರ ಅದನ್ನು ಬಹುಮಟ್ಟಿಗೆ ತೆಗೆಯುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನಿನಲ್ಲಿ ತರುವವರು ಹೂದಾನಿಗೂ ಎರಡು ಲೋಟ ಮೀಸಲಿಡಿ. ಬೆಳೆಗಾರರಿಗೂ ನನ್ನ ವಿನಂತಿ ಇದೇ: ಕೊಯ್ದ ಕಡ್ಡಿಯನ್ನು ಮೊದಲು ಅದ್ದುವ ಬಕೆಟ್ಟಿನಲ್ಲಿ ಯಾವ ನೀರಿದೆಯೋ ನೋಡಿಕೊಳ್ಳಿ.

ಬೆಂಗಳೂರಿನವರ ಕಷ್ಟ ಬೇರೆ, ಅದು ಗಡಸು ನೀರು. ಹೂದಾನಿಯ ನೀರಿಗೆ ಬೆರೆಸಲೆಂದು ಅಂಗಡಿಯಲ್ಲಿ ಸಿಗುವ ಪುಡಿಯ ಪುಟ್ಟ ಪೊಟ್ಟಣದಲ್ಲಿ ಸಕ್ಕರೆ, ಸಿಟ್ರಿಕ್ ಆಮ್ಲ, ಸೂಕ್ಷ್ಮಾಣುನಾಶಕ ಮೂರೂ ಇರುತ್ತವೆ. ಅದರ ಆಮ್ಲದ ಕೆಲಸ ನೀರಿನ ಪಿಎಚ್ ಅನ್ನು 3.5ರಿಂದ 5ರ ನಡುವೆ ಇಳಿಸುವುದು. ಹುಳಿ ನೀರು ಕಾಂಡದ ಸಣ್ಣ ಕೊಳವೆಗಳಲ್ಲಿ ಸಲೀಸಾಗಿ ಏರುತ್ತದೆ, ಬ್ಯಾಕ್ಟೀರಿಯಾ ಬೆಳೆಯುವುದೂ ನಿಧಾನ. ಗುಲಾಬಿಯ ಕತ್ತು ಬಾಗುವುದನ್ನು ನಾವು ವಯಸ್ಸಾದ ಲಕ್ಷಣವೆಂದುಕೊಳ್ಳುತ್ತೇವೆ. ನಿಜದಲ್ಲಿ ಅದು ಬಾಯಾರಿಕೆ, ಗಾಳಿಗುಳ್ಳೆಯೋ ಬ್ಯಾಕ್ಟೀರಿಯಾವೋ ಕೊಳವೆಯನ್ನು ಮುಚ್ಚಿರುತ್ತದೆ. ಆದರೆ ಬೋರ್‌ವೆಲ್ ನೀರಿನಲ್ಲಿ ಬೈಕಾರ್ಬನೇಟ್ ತುಂಬಿದ್ದರೆ ಪೊಟ್ಟಣದ ಆಮ್ಲವನ್ನೆಲ್ಲ ಅದೇ ನುಂಗಿಬಿಡುತ್ತದೆ. ಪಿಎಚ್ ಇಳಿಯುವುದಿಲ್ಲ, ಸಕ್ಕರೆ ಮಾತ್ರ ಉಳಿಯುತ್ತದೆ. ಆ ಸಕ್ಕರೆಯನ್ನು ಯಾರು ತಿನ್ನುತ್ತಾರೆಂದು ಮೇಲೆ ಹೇಳಿದ್ದೇನೆ.

ಅಪಾರ್ಟ್‌ಮೆಂಟಿನವರು ‘ನಮ್ಮಲ್ಲಿ ಸಾಫ್ಟನರ್ ಇದೆ’ ಎಂದು ನೆಮ್ಮದಿಯಲ್ಲಿರುತ್ತಾರೆ. ಸಾಫ್ಟನರ್ ಕ್ಯಾಲ್ಸಿಯಂ ತೆಗೆದು ಅದರ ಜಾಗದಲ್ಲಿ ಸೋಡಿಯಂ ಕೂರಿಸುತ್ತದೆ, ಬೈಕಾರ್ಬನೇಟ್ ಅಲ್ಲೇ ಉಳಿಯುತ್ತದೆ. ಗೀಜರಿಗೆ, ನಲ್ಲಿಗೆ ಅದು ಒಳ್ಳೆಯದು. ಗುಲಾಬಿಗೆ, ಕಾರ್ನೇಶನ್‌ಗೆ ಆ ಸೋಡಿಯಂ ನೀರು ಮೂಲದ ಗಡಸು ನೀರಿಗಿಂತಲೂ ಕೆಟ್ಟದ್ದು.

ಹಾಗಾದರೆ ಯಾವ ನೀರು? ಮಳೆಯ ನೀರು. ಇದನ್ನು ಹೇಳಿ ಹೇಳಿ ನಾನು ದಣಿದಿಲ್ಲ, ದಣಿಯುವುದೂ ಇಲ್ಲ. ಶುದ್ಧ ಮಳೆನೀರಿನ ಪಿಎಚ್ ಸುಮಾರು 5.6, ತಾನಾಗಿಯೇ ತುಸು ಹುಳಿ. ಲವಣ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಒಂದಿಷ್ಟು ನಿಂಬೆರಸ ಬಿದ್ದರೂ ಪಿಎಚ್ ಬೇಗ ಇಳಿಯುತ್ತದೆ. ಬೆಂಗಳೂರಿನಲ್ಲಿ ದೊಡ್ಡ ನಿವೇಶನಗಳ ಮನೆಗಳಿಗೆ 2009ರಲ್ಲೇ ಮಳೆನೀರು ಸಂಗ್ರಹ ಕಡ್ಡಾಯವಾಯಿತು. ಎಷ್ಟೋ ಮನೆಗಳ ತೊಟ್ಟಿಯಲ್ಲಿ ಹೂದಾನಿಗೆ ಬೇಕಾದ ಅತ್ಯುತ್ತಮ ನೀರು ಈಗಾಗಲೇ ಇದೆ. ಚಾವಣಿ ತೊಳೆದು ಬರುವ ಮೊದಲ ಮಳೆಯನ್ನು ಹರಿಯಬಿಡಿ. ಆಮೇಲಿನದನ್ನು ಬಟ್ಟೆಯಲ್ಲಿ ಸೋಸಿ, ಬೆಳಕು ತಾಗದ ಕ್ಯಾನಿನಲ್ಲಿಡಿ. ಒಂದು ಲೀಟರಿಗೆ ಒಂದು ದೊಡ್ಡ ಚಮಚ ಸಕ್ಕರೆ, ಎರಡು ಸಣ್ಣ ಚಮಚ ನಿಂಬೆರಸ, ಅರ್ಧ ಸಣ್ಣ ಚಮಚ ಬ್ಲೀಚ್. ನಿಂಬೆರಸವನ್ನೂ ಬ್ಲೀಚನ್ನೂ ನೇರವಾಗಿ ಒಂದಕ್ಕೊಂದು ಸೇರಿಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ; ಎರಡೂ ಬೇರೆ ಬೇರೆಯಾಗಿ ತುಂಬಿದ ನೀರಿಗೇ ಬೀಳಬೇಕು.

ಹೂದಾನಿಗೆ ನಾಣ್ಯ ಹಾಕುವವರಿಗೆ ಒಂದೇ ಮಾತು: ಸೂಕ್ಷ್ಮಾಣು ಕೊಲ್ಲುತ್ತದೆಂದು ನಂಬಿದ್ದು ತಾಮ್ರವನ್ನು, ಇವತ್ತಿನ ಒಂದು ರೂಪಾಯಿ ಸ್ಟೇನ್‌ಲೆಸ್ ಸ್ಟೀಲ್.

ಹೂ ಚುಚ್ಚಿ ನಿಲ್ಲಿಸುವ ಹಸಿರು ಸ್ಪಂಜಿನವರ ಬಗ್ಗೆ ಮಾತ್ರ ಒಂದೇ ಮಾತಿನಲ್ಲಿ ಮುಗಿಸಲಾರೆ. ಅಮೆರಿಕದ ವರ್ನನ್ ಸ್ಮಿದರ್ಸ್ 1954ರಲ್ಲಿ ತಂದ ಈ ಫೀನಾಲ್-ಫಾರ್ಮಾಲ್ಡಿಹೈಡ್ ಇಟ್ಟಿಗೆ ಇಲ್ಲದೆ ಬೊಕೆಯೇ ಇಲ್ಲ ಎನ್ನುವ ಹಂತಕ್ಕೆ ನಮ್ಮ ಮದುವೆ ಮಂಟಪಗಳು ಬಂದಿವೆ. ಕಡ್ಡಿಯನ್ನು ಒಮ್ಮೆ ಚುಚ್ಚಿ, ಸರಿಬರಲಿಲ್ಲವೆಂದು ತುಸು ಮೇಲೆ ಎಳೆದರೆ, ಕಾಂಡದ ತುದಿಗೂ ಸ್ಪಂಜಿಗೂ ನಡುವೆ ಗಾಳಿಯ ಪೊಳ್ಳು ನಿಲ್ಲುತ್ತದೆ. ಒದ್ದೆ ಇಟ್ಟಿಗೆಯ ಮೇಲೇ ಹೂ ಬಾಡುತ್ತದೆ. ಸಮಾರಂಭ ಮುಗಿದ ಮೇಲೆ ಆ ಇಟ್ಟಿಗೆ ಪುಡಿಯಾಗಿ ಮೋರಿ ಸೇರುತ್ತದೆ, ಮಣ್ಣಿನಲ್ಲಿ ಕರಗದ ಸಣ್ಣ ಪ್ಲಾಸ್ಟಿಕ್ಕಾಗಿ ಉಳಿಯುತ್ತದೆ. ಇಂಗ್ಲೆಂಡಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2021ರಿಂದ ತನ್ನ ಪ್ರದರ್ಶನಗಳಲ್ಲಿ ಇದನ್ನು ನಿಷೇಧಿಸಿತು. ಇಲ್ಲಿನ ಪ್ರದರ್ಶನಗಳೂ ಹಾಗೇ ಮಾಡಬೇಕೆಂದು ನಾನು ಬಹಳ ಕಾಲದಿಂದ ಒತ್ತಾಯಿಸುತ್ತಿದ್ದೇನೆ. ಜಪಾನಿನ ಹೂಜೋಡಣೆಯಾದ ಇಕೆಬಾನಾದ ಮುಳ್ಳುತಟ್ಟೆ ಇದೆ, ಸುತ್ತಿ ಪಾತ್ರೆಯೊಳಗೆ ತುರುಕಿದ ಕೋಳಿಗೂಡಿನ ತಂತಿಬಲೆ ಇದೆ. ಎರಡರಲ್ಲೂ ಕಾಂಡ ನಿಲ್ಲುವುದು ನೀರಿನಲ್ಲೇ. ಇಕೆಬಾನಾದವರು ಕಾಂಡವನ್ನು ನೀರೊಳಗೆ ಮುಳುಗಿಸಿಯೇ ಕತ್ತರಿಸುವುದೂ ಗಾಳಿ ಒಳಸೇರದಿರಲೆಂದು.

ಎಷ್ಟೇ ಒಳ್ಳೆಯ ನೀರಾದರೂ ಕೈ ಮೀರಿದ ಒಂದು ಶತ್ರುವಿದೆ. ಅದರ ಬಗ್ಗೆ ನಾನು ಮತ್ತೆ ಮತ್ತೆ ಓದುವ ಬರಹ ಷಿಕಾಗೋದ ವಿಲಿಯಂ ಕ್ರಾಕರ್ ಮತ್ತು ಲೀ ನೈಟ್ 1908ರಲ್ಲಿ ಪ್ರಕಟಿಸಿದ ಪ್ರಬಂಧ. ಆಗ ಅಲ್ಲಿ ದೀಪ ಉರಿಯುತ್ತಿದ್ದದ್ದು ಕೊಳವೆಯಲ್ಲಿ ಬರುವ ಅನಿಲದಿಂದ. ಅದು ಸೋರಿದ ಗಾಜಿನ ಮನೆಗಳಲ್ಲಿ ಅರಳಿದ ಕಾರ್ನೇಶನ್ ಮತ್ತೆ ಮುದುಡಿಕೊಳ್ಳುತ್ತಿತ್ತು. ಬೆಳೆಗಾರರು ಅದನ್ನು ಹೂವಿನ ‘ನಿದ್ದೆ’ ಎನ್ನುತ್ತಿದ್ದರು. ಇವರಿಬ್ಬರೂ ಅನಿಲದ ಅಂಶಗಳನ್ನು ಪರೀಕ್ಷಿಸಿ, ತಪ್ಪಿತಸ್ಥ ಎಥಿಲೀನ್ ಎಂದು ತೋರಿಸಿದರು. ಇಪ್ಪತ್ತು ಲಕ್ಷ ಭಾಗ ಗಾಳಿಯಲ್ಲಿ ಒಂದೇ ಭಾಗ ಎಥಿಲೀನ್ ಇದ್ದರೂ 12 ಗಂಟೆಯಲ್ಲಿ ಅರಳಿದ ಹೂ ಮುಚ್ಚುತ್ತದೆ. ಹತ್ತು ಲಕ್ಷದಲ್ಲಿ ಒಂದು ಭಾಗ ಮೂರು ದಿನ ತಾಗಿದರೆ ಬಣ್ಣ ತೋರಿದ ಮೊಗ್ಗು ಅರಳುವುದೇ ಇಲ್ಲ. ಅಂದಿನ ರಸಾಯನಶಾಸ್ತ್ರದ ಯಾವ ಉಪಕರಣವೂ ಹಿಡಿಯಲಾಗದಷ್ಟು ಅಲ್ಪ ಪ್ರಮಾಣವನ್ನು ಒಂದು ಹೂ ಹಿಡಿಯುತ್ತಿತ್ತು. ಇದಕ್ಕೆ ಮದ್ದು ಬಂದದ್ದು ಏಳು ದಶಕಗಳ ನಂತರ: 1978ರಲ್ಲಿ ನೆದರ್ಲೆಂಡ್ಸಿನ ವೀನ್ ಮತ್ತು ವಾನ್ ಡಿ ಹೈನ್ ವಿವರಿಸಿದ ಸಿಲ್ವರ್ ಥಯೋಸಲ್ಫೇಟ್. ಅದನ್ನು ಕೊಯ್ದ ಕೂಡಲೇ ಬೆಳೆಗಾರನೇ ಕೊಡಬೇಕು. ಬೆಳ್ಳಿಯ ನೀರನ್ನು ಮನೆಯ ಮೋರಿಗೆ ಚೆಲ್ಲುವಂತಿಲ್ಲ.

ಹಬ್ಬದ ಮನೆಯಲ್ಲಿ ಎಥಿಲೀನ್ ಬಿಡುವುದು ಮಾಗಿದ ಬಾಳೆಹಣ್ಣು, ಸೇಬು, ಮತ್ತು ಹೊಗೆ. ಕಳಶದ ಪಕ್ಕ ಬಾಳೆಹಣ್ಣಿನ ಚಿಪ್ಪಿಟ್ಟು, ಊದುಬತ್ತಿ ಹಚ್ಚಿ, ಅಲ್ಲೇ ದುಬಾರಿ ಕಾರ್ನೇಶನ್ ಮತ್ತು ಆರ್ಕಿಡ್ ಜೋಡಿಸಿದರೆ ಯಾವ ಪುಡಿಯೂ ಅವನ್ನು ಉಳಿಸದು. ಅವುಗಳನ್ನು ಹಜಾರದ ಕಿಟಕಿಯ ಬಳಿಗೆ ಕಳಿಸಿ. ದೇವರ ಮುಂದೆ ಸೇವಂತಿಗೆ ಇರಲಿ, ಕೊಡಗಿನ ಆಂಥೂರಿಯಂ ಸಿಕ್ಕರೆ ಅದೂ ಇರಲಿ. ಎರಡಕ್ಕೂ ಎಥಿಲೀನಿನ ಕಾಟ ಬಹಳ ಕಡಿಮೆ.