ನೆಲವೂ ಸ್ವಲ್ಪ ಡೊಂಕೇ

ಮನೆಯಲ್ಲೇ ಹಾಡು ಕಟ್ಟೋಕೆ ಹೊರಟವರೆಲ್ಲ ಮೊದಲು ಕೇಳೋ ಪ್ರಶ್ನೆ ಒಂದೇ: "ಯಾವ ಸಾಫ್ಟ್‌ವೇರ್ ಬೆಸ್ಟ್ ಗುರು?" ಇದಕ್ಕೆ ಸಿಗೋ ಉತ್ತರಗಳು ಎರಡು. ಒಂದು, ಉತ್ತರ ಹೇಳುವವರು ಯಾವುದನ್ನು ಬಳಸ್ತಾರೋ ಅದೇ ಬೆಸ್ಟ್. ಇನ್ನೊಂದು ಸ್ವಲ್ಪ ವೇದಾಂತದ ಧಾಟಿಯದ್ದು: ಸಾಫ್ಟ್‌ವೇರ್ ಯಾವುದಾದರೇನು, ಪ್ರತಿಭೆ ಇದ್ರೆ ಸಾಕು. ಈ ಎರಡನೇ ಉತ್ತರಕ್ಕೆ ನಮ್ಮಲ್ಲಿ ರೆಡಿಮೇಡ್ ಗಾದೆಯೇ ಇದೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಾದೆ ಸುಳ್ಳಲ್ಲ. ಆದರೆ ನೆಲ ನಿಜವಾಗ್ಲೂ ಡೊಂಕಾಗಿದೆಯಾ ಅಂತ ಬಗ್ಗಿ ನೋಡಿದವರು ಕಡಿಮೆ.

ನನ್ನ ವಾದ ಇಷ್ಟೇ: ಸಂಗೀತದ ಸಾಫ್ಟ್‌ವೇರ್ ಯಾವುದೂ ಸಮತಟ್ಟಾದ ನೆಲ ಅಲ್ಲ. ಒಂದೊಂದೂ ಒಂದೊಂದು ಕಡೆ ವಾಲಿದೆ. ಹಾಡು ಅಂದ್ರೆ ಏನು, ಅದು ಎಲ್ಲಿಂದ ಶುರುವಾಗ್ಬೇಕು ಅನ್ನೋದರ ಬಗ್ಗೆ ಪ್ರತಿಯೊಂದಕ್ಕೂ ಒಂದು ಅಭಿಪ್ರಾಯ ಇದೆ. ಆ ಅಭಿಪ್ರಾಯವನ್ನ ಫೀಚರ್ ಪಟ್ಟಿಯಲ್ಲಿ ಬರೆದಿರಲ್ಲ. ಅದು ಕಾಣೋದು ಆ್ಯಪ್ ತೆರೆದ ಕೂಡಲೇ ಎದುರಾಗೋ ಮೊದಲ ಪರದೆಯಲ್ಲಿ. ಹಾಗಾಗಿ ಈ ಸಾಫ್ಟ್‌ವೇರ್‌ಗಳನ್ನ ಪುಸ್ತಕ ಓದೋ ಹಾಗೆ, ಮೊದಲ ಪುಟದಿಂದ ಓದೋಣ.

ಎಫ್‌ಎಲ್ ಸ್ಟುಡಿಯೋ ತೆರೀರಿ. ಕಿಕ್, ಕ್ಲ್ಯಾಪ್, ಹ್ಯಾಟ್, ಸ್ನೇರ್ ಅಂತ ನಾಲ್ಕು ಸಾಲು, ಪ್ರತಿ ಸಾಲಿನ ಮುಂದೆ 16 ಪುಟ್ಟ ಬಟನ್. ನೀವಿನ್ನೂ ಏನೂ ಯೋಚನೆ ಮಾಡಿಲ್ಲ, ಅಷ್ಟರಲ್ಲೇ ಅದು "ತಾಳದಿಂದ ಶುರು ಮಾಡು" ಅಂತ ಹೇಳಿ ಆಯ್ತು. ಇದರಲ್ಲಿ ಆಶ್ಚರ್ಯ ಇಲ್ಲ. 1997ರಲ್ಲಿ ಬೆಲ್ಜಿಯಂನಲ್ಲಿ ಫ್ರೂಟಿಲೂಪ್ಸ್ ಅನ್ನೋ ಹೆಸರಲ್ಲಿ ಹುಟ್ಟಿದಾಗ ಅದೊಂದು ಡ್ರಮ್ ಮಷೀನ್ ಅಷ್ಟೇ. ಆಮೇಲೆ ಮೈಕೈ ತುಂಬಿಕೊಂಡು ಪೂರ್ತಿ ಸ್ಟುಡಿಯೋ ಆಯ್ತು, ಆದರೆ ಹುಟ್ಟುಗುಣ ಹೋಗಲಿಲ್ಲ. ಬೀಟ್ ಮೊದಲು, ಮಾತು ಆಮೇಲೆ ಅನ್ನೋ ರ‍್ಯಾಪ್ ಹುಡುಗರಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಸೌಲ್ಜಾ ಬಾಯ್ 2007ರಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿದ ಹಾಡನ್ನ ಕಟ್ಟಿದ್ದು ಇದರಲ್ಲೇ.

ಏಬಲ್ಟನ್ ಲೈವ್ ತೆರೆದ್ರೆ ಖಾಲಿ ಚೌಕಗಳ ಜಾಲ. ಒಂದೊಂದು ಚೌಕಕ್ಕೂ ಒಂದೊಂದು ತುಣುಕು ಹಾಕಿ, ಯಾವುದನ್ನ ಬೇಕಾದ್ರೂ ಯಾವಾಗ ಬೇಕಾದ್ರೂ ನುಡಿಸಬಹುದು. ಇಲ್ಲಿ ಹಾಡಿಗೆ ಆರಂಭ, ಅಂತ್ಯ ಅನ್ನೋದೇ ಸದ್ಯಕ್ಕೆ ಇಲ್ಲ. ಇದನ್ನ ಕಟ್ಟಿದವರು ಬರ್ಲಿನ್‌ನ ಟೆಕ್ನೋ ವೇದಿಕೆಗಳಿಂದ ಬಂದವರು. ಗೆರ್ಹಾರ್ಡ್ ಬೇಲೆಸ್ ಮತ್ತು ರಾಬರ್ಟ್ ಹೆಂಕೆ ಇಬ್ಬರೂ ಮೊನೊಲೇಕ್ ಹೆಸರಲ್ಲಿ ಎಲೆಕ್ಟ್ರಾನಿಕ್ ಸಂಗೀತ ಮಾಡ್ತಿದ್ದವರು. 2001ರಲ್ಲಿ ಹೊರಬಂದ ಮೊದಲ ಲೈವ್ ಸ್ಟುಡಿಯೋಗಿಂತ ಹೆಚ್ಚಾಗಿ ವೇದಿಕೆಗೆ ಅಂತಲೇ ಮಾಡಿದ್ದು. ಹೆಸರಲ್ಲೇ ಇದೆಯಲ್ಲ. ಪ್ರಯೋಗ ಮಾಡೋಕೆ ಇದಕ್ಕಿಂತ ಸಂತೋಷದ ಜಾಗ ಇನ್ನೊಂದಿಲ್ಲ. ಆದರೆ ಎಂಟು ಬಾರ್‌ಗಳ ಒಂದು ಲೂಪ್ ಚೆನ್ನಾಗಿ ಬಂದು, ಅದನ್ನೇ ಎರಡು ಗಂಟೆ ಸುತ್ತಿಸಿ, ಹಾಡು ಮುಗಿಸದೇ ಮಲಗುವ ಚಟಕ್ಕೂ ಇದಕ್ಕಿಂತ ಒಳ್ಳೇ ಜಾಗ ಇಲ್ಲ.

ಪ್ರೊ ಟೂಲ್ಸ್‌ದು ಬೇರೆ ಕಥೆ. ಅದು 1991ರಲ್ಲಿ ಬಂದದ್ದು ಟೇಪ್ ರೆಕಾರ್ಡರ್‌ನ ಜಾಗ ತುಂಬೋಕೆ. ಈಗಲೂ ಅದರ ಮನಸ್ಸಿನಲ್ಲಿರೋದು ಎಡದಿಂದ ಬಲಕ್ಕೆ ಓಡೋ ಟೇಪೇ: ಹಾಡು ಆಗಲೇ ತಯಾರಿದೆ, ಕಲಾವಿದರು ಗಾಜಿನ ಆಚೆ ನಿಂತಿದ್ದಾರೆ, ನಾವು ಹಿಡಿದಿಟ್ಟುಕೊಂಡರೆ ಆಯ್ತು. ಲಾಜಿಕ್ ಪ್ರೊ ಇವೆರಡರ ನಡುವಿನದು. ತೆರೆದ ಕೂಡಲೇ "ಏನು ನುಡಿಸ್ತೀರಿ?" ಅಂತ ಕೇಳತ್ತೆ, ವಾದ್ಯನೋ, ದನಿಯೋ, ಗಿಟಾರೋ. ಜರ್ಮನಿಯ ಎಮ್ಯಾಜಿಕ್ ಕಂಪನಿಯದಾಗಿದ್ದ ಇದನ್ನ 2002ರಲ್ಲಿ ಆ್ಯಪಲ್ ಕೊಂಡಿತು. ಅಲ್ಲಿಂದಾಚೆ ವಿಂಡೋಸ್‌ನವರಿಗೆ ಬಾಗಿಲು ಬಂದ್. ಇನ್ನು ರೀಪರ್. ವಿನಾಂಪ್ ನೆನಪಿದೆಯಾ? ಅದನ್ನ ಬರೆದ ಜಸ್ಟಿನ್ ಫ್ರ್ಯಾಂಕಲ್ ಅವರೇ ಇದನ್ನೂ ಶುರು ಮಾಡಿದ್ದು. ತೆರೆದ್ರೆ ಬೂದು ಬಣ್ಣದ ಖಾಲಿ ಪರದೆ. ಅದು ಏನೂ ಕೇಳಲ್ಲ, ಏನೂ ಸೂಚಿಸಲ್ಲ. ಕೆಲವರಿಗೆ ಇದು ಸ್ವಾತಂತ್ರ್ಯ. ಕೆಲವರಿಗೆ ಫರ್ನಿಚರ್ ಇಲ್ಲದ ಬಾಡಿಗೆ ಮನೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಸ್ವಭಾವದ ಮಾತು. ಈಗ ಎಲ್ಲದರಲ್ಲೂ ಸಮಾನವಾಗಿರೋ ಡೊಂಕಿಗೆ ಬರೋಣ, ಯಾಕಂದ್ರೆ ನಮಗೆ ತಟ್ಟೋದು ಅದೇ. ಲೈವ್, ಲಾಜಿಕ್, ರೀಪರ್ ಮೂರರಲ್ಲೂ ಹೊಸ ಪ್ರಾಜೆಕ್ಟ್ ಶುರುವಾಗೋದು ನಿಮಿಷಕ್ಕೆ 120 ಬೀಟ್, ಬಾರ್‌ಗೆ ನಾಲ್ಕು ಎಣಿಕೆಯಲ್ಲಿ. ಸ್ವರ ಬರೆಯೋ ಜಾಗದಲ್ಲಿ ಪಕ್ಕಕ್ಕೆ ತಿರುಗಿಸಿ ಇಟ್ಟ ಪಿಯಾನೋ, ಸ್ಥಾಯಿಗೆ 12 ಮನೆ. ಮಿಶ್ರ ಛಾಪಿನ ಏಳು ಬೇಕಾದ್ರೆ ನೀವೇ ಹೋಗಿ ಬದಲಾಯಿಸಬೇಕು. ಬದಲಾಯಿಸೋದು ಕಷ್ಟ ಏನಲ್ಲ, ಎರಡು ಕ್ಲಿಕ್. ಆದರೆ ಆಫೀಸ್ ಮುಗಿಸಿ, ಸಿಲ್ಕ್ ಬೋರ್ಡ್ ದಾಟಿ, ರಾತ್ರಿ ಒಂಬತ್ತೂವರೆಗೆ ಲ್ಯಾಪ್‌ಟಾಪ್ ತೆರೆದವರು ಆ ಎರಡು ಕ್ಲಿಕ್ ಮಾಡಲ್ಲ. ಕೊಟ್ಟದ್ದರ ಮೇಲೇ ಕಟ್ಟುತ್ತಾರೆ. ಮನೆಯಲ್ಲಿ ತಯಾರಾದ ಎಷ್ಟೋ ಹಾಡುಗಳು ಒಂದೇ ನಡಿಗೆಯಲ್ಲಿ ನಡೆಯೋದಕ್ಕೆ ಕಲ್ಪನೆಯ ಬಡತನವೊಂದೇ ಕಾರಣ ಅಂತ ನನಗನ್ನಿಸಲ್ಲ. ಯಾರೋ ಎಲ್ಲೋ ತುಂಬಿಟ್ಟ ಅಂಕಿಯನ್ನ ಮುಟ್ಟದೇ ಬಿಟ್ಟಿದ್ದೂ ಕಾರಣ.

ಈ ಜಗಳ ನಮಗೆ ಹೊಸದಲ್ಲ. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ದೂರ ಇಟ್ಟಿತ್ತು. ಅದರ ಮೇಲಿದ್ದ ದೊಡ್ಡ ಆಕ್ಷೇಪ, ಮನೆಗಳ ನಡುವೆ ಅದು ಓಡಾಡಲಾರದು, ಹಾಗಾಗಿ ಗಮಕ ನುಡಿಸಲಾರದು ಅನ್ನೋದು. ಅದೇ ಯುರೋಪಿನಿಂದ ಬಂದ ಪಿಟೀಲನ್ನ ಮಾತ್ರ ಕರ್ನಾಟಕ ಸಂಗೀತ ಯಾವ ಮಟ್ಟಿಗೆ ಒಳಗೆ ಬಿಟ್ಟುಕೊಂಡಿತು ಅಂದ್ರೆ ಇವತ್ತು ಅದಿಲ್ಲದ ಕಛೇರಿ ಊಹಿಸೋಕಾಗಲ್ಲ. ಕಾರಣ ಸರಳ: ಪಿಟೀಲಿನ ಕತ್ತಿನ ಮೇಲೆ ಮನೆಗಳೇ ಇಲ್ಲ, ಬೆರಳು ಎಲ್ಲಿ ಬೇಕಾದ್ರೂ ಜಾರಬಹುದು. ಅತ್ತ ಹಾರ್ಮೋನಿಯಂ ಕೂಡ ಸಾಯಲಿಲ್ಲ. ಕಂಪನಿ ನಾಟಕದಲ್ಲಿ, ಭಜನೆಯಲ್ಲಿ, ಹಿಂದೂಸ್ತಾನಿ ಗಾಯಕರ ಪಕ್ಕದಲ್ಲಿ ತನ್ನ ಜಾಗ ತಾನೇ ಮಾಡಿಕೊಂಡಿತು. ಸಾಫ್ಟ್‌ವೇರ್ ಆರಿಸುವಾಗ ನಾವು ಕೇಳಬೇಕಾದ ಪ್ರಶ್ನೆಯೂ ಇದೇ: ನನ್ನ ಕೆಲಸಕ್ಕೆ ಇದು ಪಿಟೀಲೋ, ಹಾರ್ಮೋನಿಯಮ್ಮೋ? ಎರಡೂ ವಾದ್ಯಗಳೇ. ಯಾವುದು ಏನು ಮಾಡಲಾರದು ಅಂತ ಮಾತ್ರ ಮೊದಲೇ ಗೊತ್ತಿರಬೇಕು.

ಉದಾಹರಣೆಗೆ ತೋಡಿಯ ಗಾಂಧಾರ ತಗೊಳ್ಳಿ. ಆ ಸ್ವರ ತನ್ನ ಮನೆಯಲ್ಲಿ ನೆಟ್ಟಗೆ ಕೂರೋದೇ ಅಪರೂಪ, ಅದರ ಜೀವ ಇರೋದೇ ಆಂದೋಲನದಲ್ಲಿ. ಅದನ್ನ ಪಿಯಾನೋ ಚೌಕದಲ್ಲಿ ಬರೆಯೋಕೆ ಹೋದ್ರೆ ಒಂದು ಸ್ವರದ ಜಾಗದಲ್ಲಿ ನಾಲ್ಕೈದು ಚೂರು, ಅದರ ಮೇಲೆ ಪಿಚ್ ಬೆಂಡ್ ಗೆರೆ. 2024ರಲ್ಲಿ ಬಂದ ಲೈವ್ 12ರಲ್ಲಿ ಬೇರೆ ಬೇರೆ ಶ್ರುತಿ ವ್ಯವಸ್ಥೆಗಳನ್ನ ಹಾಕಿಕೊಳ್ಳೋ ಸೌಲಭ್ಯ ಬಂತು, ಲಾಜಿಕ್‌ನಲ್ಲಿ ಅಂಥದ್ದು ಮುಂಚಿನಿಂದಲೂ ಇದೆ. ಒಳ್ಳೆಯದೇ. ಆದರೆ ಇದರಿಂದ ಗಮಕದ ಸಮಸ್ಯೆ ಬಗೆಹರೀತು ಅನ್ನೋದು ತಪ್ಪು. ಶ್ರುತಿ ಬದಲಾಯಿಸಿದ್ರೆ ಮನೆಗಳ ಜಾಗ ಬದಲಾಗತ್ತೆ. ಗಮಕ ಇರೋದು ಮನೆಯಿಂದ ಮನೆಗೆ ಹೋಗೋ ದಾರಿಯಲ್ಲಿ. ಆ ದಾರಿಗೆ ಹತ್ತಿರ ಬರೋದು ಎಂಪಿಇ ಅನ್ನೋ ವ್ಯವಸ್ಥೆ, ಇದರಲ್ಲಿ ಪ್ರತಿ ಸ್ವರವನ್ನೂ ಬೇರೆ ಬೇರೆಯಾಗಿ ಬಗ್ಗಿಸಬಹುದು. ಅದಕ್ಕೆ ತಕ್ಕ ಕೀಬೋರ್ಡ್ ಬೇಕು, ಅದು ಅಗ್ಗ ಅಲ್ಲ.

"ನಾನು ಹಾಡೋನು, ಮೈಕ್ ಇಟ್ಟು ರೆಕಾರ್ಡ್ ಮಾಡ್ತೀನಿ, ನನಗ್ಯಾಕೆ ಇದೆಲ್ಲ?" ಅನ್ನಬಹುದು. ಸರಿಯೇ. ರೆಕಾರ್ಡ್ ಆದ ದನಿಯಲ್ಲಿ ಗಮಕ ಇದ್ದ ಹಾಗೇ ಇರತ್ತೆ, ಸಾಫ್ಟ್‌ವೇರ್ ಯಾವುದಾದ್ರೂ. ಡೊಂಕು ವಾಪಸ್ ಬರೋದು ಎಡಿಟ್ ಮಾಡೋವಾಗ. ಪಿಚ್ ತಿದ್ದೋ ಸಾಧನಗಳು ದನಿಯನ್ನ ಚೂರು ಚೂರು ಡಬ್ಬಿ ಮಾಡಿ, ಪ್ರತಿ ಡಬ್ಬಿಯನ್ನೂ ಹತ್ತಿರದ ಮನೆಗೆ ಎಳೆಯೋಕೆ ನೋಡ್ತವೆ. ಅಳತೆ ಮೀರಿದ್ರೆ ಕಂಪನವೇ ತಪ್ಪು ಅಂತ ಭಾವಿಸಿ ಇಸ್ತ್ರಿ ಹೊಡೀತವೆ. ಲಯದ ಕಥೆಯೂ ಅಷ್ಟೇ. ತಾಳವಿಲ್ಲದ ಆಲಾಪದ ಫೈಲನ್ನ ಲೈವ್‌ಗೆ ಎಳೆದು ಹಾಕಿದ್ರೆ ಅದರ ವಾರ್ಪ್ ವ್ಯವಸ್ಥೆ ಇಲ್ಲದ ಬೀಟನ್ನ ಹುಡುಕಿ ಹಿಗ್ಗಿಸೋಕೆ ಹೊರಡಬಹುದು. ಆ ಕ್ಲಿಪ್‌ನ ವಾರ್ಪ್ ಬಟನ್ ಆಫ್ ಮಾಡಿ, ಸುಮ್ಮನಾಗತ್ತೆ. ಲಾಜಿಕ್‌ನ ಸ್ಮಾರ್ಟ್ ಟೆಂಪೋ ಈ ವಿಷಯದಲ್ಲಿ ಸ್ವಲ್ಪ ಸಭ್ಯ: ನೀವು ನುಡಿಸಿದ ನಡೆಗೆ ತಕ್ಕ ಹಾಗೆ ಪ್ರಾಜೆಕ್ಟಿನ ಗೆರೆಗಳೇ ಸರಿದುಕೊಳ್ಳೋ ಹಾಗೆ ಮಾಡಬಹುದು. ರೀಪರ್‌ನಲ್ಲಿ ಬಾರ್‌ಗಳ ಬದಲು ಬರೀ ನಿಮಿಷ, ಸೆಕೆಂಡ್ ಇಟ್ಟುಕೊಂಡು ಕೆಲಸ ಮಾಡಬಹುದು, ಗೆರೆಗಳ ಕಾಟವೇ ಇರಲ್ಲ.

ಹಾಗಾದ್ರೆ ಯಾರಿಗೆ ಯಾವುದು? ಬೀಟ್ ಕಟ್ಟಿ ಅದರ ಮೇಲೆ ಮಾತು ಕೂರಿಸೋರಿಗೆ ಎಫ್‌ಎಲ್. ಒಮ್ಮೆ ಕೊಂಡ್ರೆ ಮುಂದಿನ ಎಲ್ಲ ಆವೃತ್ತಿಗಳೂ ಉಚಿತ, ಇದು ಸಣ್ಣ ಮಾತಲ್ಲ. ಆದರೆ ಅಗ್ಗದ ಫ್ರೂಟಿ ಎಡಿಷನ್ ಕೊಂಡು ದನಿ ರೆಕಾರ್ಡ್ ಮಾಡೋಕೆ ಕೂರಬೇಡಿ, ಅದಕ್ಕೆ ಪ್ರೊಡ್ಯೂಸರ್ ಎಡಿಷನ್ ಬೇಕು. ಶಬ್ದಗಳ ಜೊತೆ ಆಟ ಆಡ್ತಾ ಹಾಡು ಹುಡುಕೋರಿಗೆ, ವೇದಿಕೆಯಲ್ಲಿ ಲ್ಯಾಪ್‌ಟಾಪ್ ಇಟ್ಟು ನುಡಿಸೋರಿಗೆ ಲೈವ್. ಗಿಟಾರ್ ಹಿಡಿದು ಭಾವಗೀತೆಗೆ ರಾಗ ಹಾಕೋರ ಹತ್ತಿರ ಮ್ಯಾಕ್ ಇದ್ರೆ ಗ್ಯಾರೇಜ್‌ಬ್ಯಾಂಡ್‌ನಿಂದ ಶುರು ಮಾಡಿ, ಸಾಲದು ಅನ್ನಿಸಿದ ದಿನ ಅದೇ ಪ್ರಾಜೆಕ್ಟನ್ನ ಲಾಜಿಕ್‌ನಲ್ಲಿ ತೆರೀಬಹುದು. ಊರಿಗೆ ಹೋಗಿ ಅಜ್ಜಿಯ ಸೋಬಾನೆ ಪದ ರೆಕಾರ್ಡ್ ಮಾಡಿಕೊಂಡು ಬಂದೋರಿಗೆ, ಕಛೇರಿ ಹಿಡಿಯೋರಿಗೆ, ಪಾಡ್‌ಕಾಸ್ಟನ್ನೂ ಮಾಡೋರಿಗೆ ರೀಪರ್. ವೈಯಕ್ತಿಕ ಬಳಕೆಗೆ 60 ಡಾಲರ್, ಹಳೇ ಲ್ಯಾಪ್‌ಟಾಪಿನಲ್ಲೂ ಓಡತ್ತೆ. ಬೇರೆಯವರ ಸ್ಟುಡಿಯೋದಲ್ಲಿ ಎಂಜಿನಿಯರ್ ಆಗಿ ಸೇರಬೇಕು ಅನ್ನೋರು ಪ್ರೊ ಟೂಲ್ಸ್ ಕಲೀಲಿ. ಉಳಿದವರಿಗೆ "ಇಂಡಸ್ಟ್ರಿ ಸ್ಟ್ಯಾಂಡರ್ಡ್" ಅನ್ನೋ ಮಾತು ಕೇಳಿಸಿಕೊಂಡು ಬಿಟ್ಟುಬಿಡೋ ಅಂಥದ್ದು. ರಿಹಾನ್ನಾ ಅವರ 2007ರ 'ಅಂಬ್ರೆಲಾ' ಹಾಡಿನ ಡ್ರಮ್ ಗ್ಯಾರೇಜ್‌ಬ್ಯಾಂಡ್ ಜೊತೆ ಬರೋ ಒಂದು ಲೂಪ್. ಗ್ರೈಮ್ಸ್ 2012ರ ತಮ್ಮ 'ವಿಷನ್ಸ್' ಆಲ್ಬಂ ಮಾಡಿದ್ದೂ ಗ್ಯಾರೇಜ್‌ಬ್ಯಾಂಡ್‌ನಲ್ಲೇ.

ಇದನ್ನ ಓದಿ "ನೋಡಿದ್ರಾ, ಕೊನೆಗೆ ಪ್ರತಿಭೆಯೇ ಮುಖ್ಯ" ಅಂದ್ರೆ ನಾನು ಒಪ್ಪಲ್ಲ. ಅವರು ಆ ಲೂಪ್ ಬಳಸಿದ್ದು ಅದು ಹಾಡಿಗೆ ಒಪ್ಪುತ್ತಿತ್ತು ಅಂತ. ಅವರ ಹಾಡು ಆ ನೆಲ ವಾಲಿರೋ ಕಡೆಗೇ ಹೊರಟಿತ್ತು. ನಿಮ್ಮ ಹಾಡು ಏಳು ಎಣಿಕೆಯಲ್ಲಿದ್ರೆ, ಅದರ ಗಾಂಧಾರ ತೂಗಾಡೋ ಅಂಥದ್ದಾದ್ರೆ, ನೀವು ಇಳಿಜಾರಿಗೆ ಎದುರಾಗಿ ಹತ್ತಬೇಕು. ಹತ್ತಬಾರದು ಅಂತಲ್ಲ. ಹತ್ತುತ್ತಾ ಇದೀನಿ ಅನ್ನೋದು ಗೊತ್ತಿಲ್ಲದಿದ್ರೆ ಆಯಾಸಕ್ಕೆ ನಿಮ್ಮನ್ನೇ ಬೈಕೊಳ್ತೀರಿ, ಆಮೇಲೆ ಹಾಡನ್ನೇ ನಾಲ್ಕು ಎಣಿಕೆಗೆ ತಿದ್ದಿಬಿಡ್ತೀರಿ. ನನಗೆ ನಷ್ಟ ಅನ್ನಿಸೋದು ಅದು. ಹಾಗೆ ತಿದ್ದಿಹೋದ ಹಾಡಿಗೆ ಯಾವ ಲೆಕ್ಕವೂ ಇರಲ್ಲ, ಬರೆದವರಿಗೂ ನೆನಪಿರಲ್ಲ.

ಆದ್ದರಿಂದ ಕೊಳ್ಳೋ ಮುಂಚೆ ಒಂದು ಪರೀಕ್ಷೆ ಮಾಡಿ. ಲೈವ್ 30 ದಿನ, ರೀಪರ್ 60 ದಿನ ಉಚಿತವಾಗಿ ಸಿಗತ್ತೆ. ಎಫ್‌ಎಲ್ ಟ್ರಯಲ್‌ಗೆ ಗಡುವಿಲ್ಲ, ಆದರೆ ಉಳಿಸಿದ ಪ್ರಾಜೆಕ್ಟನ್ನ ಕೊಳ್ಳೋವರೆಗೂ ಮತ್ತೆ ತೆರೆಯೋಕಾಗಲ್ಲ, ಹಾಗಾಗಿ ಕೂತ ಪಟ್ಟಿನಲ್ಲೇ ಮುಗಿಸಬೇಕು. ಯೂಟ್ಯೂಬ್‌ನಲ್ಲಿ ತೋರಿಸಿದ ಟ್ಯೂನ್ ಬೇಡ. ನಿಮ್ಮ ತಲೆಯಲ್ಲಿ ಆಗಲೇ ಇರೋ, ಬಾಯಲ್ಲಿ ಗುನುಗೋಕೆ ಬರೋ ಎರಡು ನಿಮಿಷದ ಹಾಡನ್ನ ಮೊದಲು ಫೋನಿನಲ್ಲಿ ಬರೀ ದನಿಯಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಆಮೇಲೆ ಅದೇ ಹಾಡನ್ನ ಎರಡು ಸಾಫ್ಟ್‌ವೇರ್‌ನಲ್ಲಿ ಮುಗಿಸಿ. ಚಂದ ಆಗ್ಬೇಕು ಅಂತಿಲ್ಲ, ಮುಗೀಬೇಕು. ಕೊನೆಗೆ ಮೂರನ್ನೂ ಪಕ್ಕ ಪಕ್ಕ ಇಟ್ಟು ಕೇಳಿ. ಫೋನಿನಲ್ಲಿದ್ದದ್ದು ಯಾವುದರಲ್ಲಿ ಹೆಚ್ಚು ಉಳಿದಿದೆಯೋ ಅದು ನಿಮ್ಮದು. ಬೆಲೆ, ಬ್ರ್ಯಾಂಡ್, ಗೆಳೆಯರ ಶಿಫಾರಸು ಎಲ್ಲ ಆಮೇಲಿನ ಮಾತು.