‘ನಡುವೆ ಸುಳಿವ ಹೆಣ್ಣು’: ವಚನಾರ್ಥಕ್ಕೊಂದು ಒರೆಗಲ್ಲು

ಹೆಣ್ಣು-ಗಂಡೆಂಬ ಭೇದವನ್ನು ಮೀರಿದ ಅನುಭವವು ಶರಣರ ವಚನಗಳಲ್ಲಿ ಬಗೆಬಗೆಯಾಗಿ ಮೂಡಿಬಂದಿರುವುದು ಸುವಿದಿತ. ದೇಹದ ಗುರುತುಗಳನ್ನು ಕಂಡು ಜನರು ಹೆಣ್ಣೆಂದೂ ಗಂಡೆಂದೂ ಹೆಸರಿಡುತ್ತಾರೆ. ಒಳಗಣ ಆತ್ಮಕ್ಕಾದರೋ ಆ ಹೆಸರುಗಳು ಅಂಟವು ಎಂಬುದು ಜೇಡರ ದಾಸಿಮಯ್ಯನ ಪ್ರಸಿದ್ಧ ವಚನವೊಂದರ ತಾತ್ಪರ್ಯ. ಆತನ ಊರಾದ ಮುದನೂರು ಇರುವುದು ಸುರಪುರ ಸೀಮೆಯಲ್ಲಿ, ನಮ್ಮ ಚಿತ್ತಾಪುರ-ವಾಡಿಗಳಿಗೆ ಬಹುದೂರವೇನಲ್ಲ. ಉರಿಲಿಂಗದೇವ, ಗಜೇಶ ಮಸಣಯ್ಯ ಮೊದಲಾದವರು ಶರಣಸತಿ-ಲಿಂಗಪತಿ ಭಾವದಲ್ಲಿ ಸತಿಯ ದನಿಯಿಂದಲೇ ನುಡಿದರು. ಇವನ್ನೆಲ್ಲ ನಾವು ಆಧ್ಯಾತ್ಮಿಕ ಸಂಕೇತವೆಂದು ವ್ಯಾಖ್ಯಾನಿಸಿ ತೃಪ್ತರಾಗಿದ್ದೇವೆ. ಈ ವ್ಯಾಖ್ಯಾನವು ಸಾಲದೆಂದು ತೋರಿಸುವ ಗ್ರಂಥವೊಂದು ಈಗ ನಮ್ಮ ಮುಂದಿದೆ.

ಅದು ಮಂಜಮ್ಮ ಜೋಗತಿಯವರ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’. ನಿರೂಪಿಸಿದವರು ಅರುಣ್ ಜೋಳದಕೂಡ್ಲಿಗಿ. ಬಳ್ಳಾರಿ ಸೀಮೆಯಲ್ಲಿ ಗಂಡುಮಗುವಾಗಿ ಹುಟ್ಟಿದವರು ತಮ್ಮೊಳಗಿನ ಹೆಣ್ಣನ್ನು ಕಂಡುಕೊಂಡರು. ಹುಲಿಗಿಯಲ್ಲಿ ಜೋಗತಿ ದೀಕ್ಷೆ ಹೊಂದಿದರು. ಮನೆಯಿಂದ ದೂರವಾಗಿ ಭಿಕ್ಷೆ ಬೇಡಿದರು. ಪ್ರಾಣವನ್ನೇ ನೀಗಿಕೊಳ್ಳಲು ಹೋಗಿ ಬದುಕುಳಿದರು. ಮುಂದೆ ಕಾಳವ್ವ ಜೋಗತಿಯವರ ಗರಡಿಯಲ್ಲಿ ಪಳಗಿ, ಜೋಗತಿ ನೃತ್ಯವನ್ನು ರಂಗಸ್ಥಳಕ್ಕೆ ತಂದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷತೆಯೂ 2021ರಲ್ಲಿ ಪದ್ಮಶ್ರೀಯೂ ಅವರಿಗೆ ಸಂದವು.

ಗ್ರಂಥದ ಹೆಸರೇ ವಿಮರ್ಶಕನನ್ನು ತಡೆದು ನಿಲ್ಲಿಸುತ್ತದೆ. ಅದು ದಾಸಿಮಯ್ಯನ ಆ ವಚನದ ನುಡಿಯನ್ನೇ ಹಿಡಿದಿದೆ. ಆದರೆ ಆತ್ಮವಿದ್ದೆಡೆಯಲ್ಲಿ ಹೆಣ್ಣನ್ನು ಇರಿಸಿದೆ. ವಚನವು ಎರಡನ್ನೂ ಅಲ್ಲಗಳೆದರೆ, ಗ್ರಂಥವು ಒಂದನ್ನು ತನ್ನದೆಂದು ಒಪ್ಪಿಕೊಳ್ಳುತ್ತದೆ. ಇದು ವಚನಕ್ಕೆ ಬಗೆದ ಅಪಚಾರವೆಂದು ಕೆಲವರು ಆಕ್ಷೇಪಿಸಬಹುದು. ನಮಗೆ ಹಾಗೆ ತೋರುವುದಿಲ್ಲ. ಹೊರಗಣ ಕುರುಹು ಒಳಗಣ ಸತ್ಯವನ್ನು ಹೇಳಲಾರದೆಂಬುದು ದಾಸಿಮಯ್ಯನ ನಿಲುವು. ಕುರುಹು ಹೇಳಲಾರದಾದರೆ ಹೇಳಬೇಕಾದವರು ಯಾರು? ಆ ದೇಹದೊಳಗೆ ಬಾಳುವವರೇ ಅಲ್ಲವೆ? ವಚನವು ತೆರೆದಿಟ್ಟ ಬಾಗಿಲಿನಿಂದಲೇ ಈ ಹೆಣ್ಣು ಹೊರಬಂದಿದ್ದಾಳೆ.

ಜೋಗತಿಯರ ದೇವತಾರಾಧನೆ ಇಷ್ಟಲಿಂಗನಿಷ್ಠೆಗಿಂತ ಭಿನ್ನವೆಂಬುದು ನಿಜ. ಆದರೆ ನೋವಿಗೆ ಮತಭೇದವಿಲ್ಲ. ಪೂಜೆಯ ಹೊತ್ತಿನಲ್ಲಿ ‘ನಾನು ಸತಿ’ ಎಂದ ಪುರುಷನನ್ನು ಶರಣನೆಂದು ಕೈಮುಗಿದು, ಬೀದಿಯಲ್ಲಿ ಸೀರೆಯುಟ್ಟು ನಿಂತವರನ್ನು ಕಂಡು ಮುಖ ತಿರುಗಿಸುವುದು ಯಾವ ಅನುಭಾವ?

ನಮ್ಮ ಭಾಗದವರಿಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಆ ರಾಜ್ಯದಲ್ಲಿ ಫಸಲಿ 1329ರಲ್ಲಿ, ಎಂದರೆ 1919ರಲ್ಲಿ, ಇಂಥವರನ್ನು ಕುರಿತೇ ಕಾನೂನೊಂದು ಹುಟ್ಟಿತು. ಹೆಣ್ಣುಡುಗೆಯುಟ್ಟು ಬೀದಿಯಲ್ಲಿ ಕಾಣಿಸಿಕೊಂಡರೆ, ಹಾಡಿ ಕುಣಿದರೆ, ವಾರಂಟಿಲ್ಲದೆ ಹಿಡಿಯಬಹುದೆಂದು ಅದು ವಿಧಿಸಿತ್ತು. ತಮ್ಮ ಲಿಂಗವನ್ನು ತಾವೇ ನಿರ್ಧರಿಸಿಕೊಳ್ಳುವ ಹಕ್ಕು ಇವರಿಗುಂಟೆಂದು ಸರ್ವೋಚ್ಚ ನ್ಯಾಯಾಲಯವು 2014ರ ಏಪ್ರಿಲ್ 15ರಂದು ಸಾರಿತು. ಆ ಹಳೆಯ ಕಾನೂನನ್ನು ತೆಲಂಗಾಣ ಉಚ್ಚ ನ್ಯಾಯಾಲಯವು ರದ್ದುಪಡಿಸಿದ್ದು 2023ರ ಜುಲೈನಲ್ಲಿ. ಅಳಿದ ರಾಜ್ಯದ ಕಾನೂನು ಅಳಿಯಲು ಇಷ್ಟು ಕಾಲ ಬೇಕಾಯಿತೆಂದ ಮೇಲೆ, ಮನಸ್ಸಿನ ಕಾನೂನಿನ ಮಾತೇನು!

ಆ ಮನಸ್ಸು ನಾಲಗೆಯಲ್ಲಿಯೇ ಗೋಚರಿಸುತ್ತದೆ. ಕನ್ನಡ ವ್ಯಾಕರಣದಲ್ಲಿ ನಪುಂಸಕಲಿಂಗವು ಕಲ್ಲು, ಮರ, ಪಶುಗಳಿಗೆ ಸಲ್ಲುವಂಥದು. ಇವರನ್ನು ‘ಅದು’ ಎಂದು ಕರೆಯುವವರು ವ್ಯಾಕರಣವನ್ನೂ ಕೆಡಿಸುತ್ತಾರೆ, ಧರ್ಮವನ್ನೂ ಕೆಡಿಸುತ್ತಾರೆ. ಹೆಣ್ಣೆಂದು ತಿಳಿಸಿದವರನ್ನು ‘ಅವಳು’ ಎನ್ನಲು ನಾಲಗೆ ಹಿಂಜರಿಯಬೇಕಾಗಿಲ್ಲ. ಇನ್ನು ‘ಅವರು’ ಎಂಬ ಸರ್ವನಾಮದಲ್ಲಿ ಹೆಣ್ಣು-ಗಂಡೆಂಬ ಗುರುತಿಲ್ಲ, ಗೌರವವುಂಟು.

ಪ್ರಶಸ್ತಿ ಪಡೆದ ಕಲಾವಿದೆಯನ್ನು ಗೌರವಿಸುವುದು ಸುಲಭ. ವಾಡಿ ಜಂಕ್ಷನ್ನಿನ ರೈಲಿನಲ್ಲಿ ಕೈಚಾಚುವವರಿಗೆ ಪದ್ಮಶ್ರೀಯಿಲ್ಲ. ದಾಸಿಮಯ್ಯನ ವಚನ ಅವರಿಗೂ ಸಲ್ಲುತ್ತದೆ. ಮನೆಯಲ್ಲಿ ಅಂಥ ಮಗುವೊಂದು ಬೆಳೆಯುತ್ತಿದ್ದರೆ ಅದನ್ನು ಹೊರದೂಡದೆ ಶಾಲೆಗೆ ಕಳಿಸುವುದು ಆ ವಚನದ ಆಚರಣೆ. ಸಾಹಿತ್ಯದ ವಿದ್ಯಾರ್ಥಿಗಳು ಈ ಆತ್ಮಕಥನವನ್ನು ವಚನದ ಪಕ್ಕದಲ್ಲಿಟ್ಟು ಓದಲಿ. ಎರಡರ ಅರ್ಥವೂ ಆಗ ಬೆಳೆಯುತ್ತದೆ.